ಸೇಫ್ಟಿ ಹಾಕಿದ ಕೋವಿಯನ್ನು ಎಷ್ಟು ನಂಬಬಹುದು?

ಕೋವಿಗೆ ಎಣ್ಣೆ ಹಾಕುವುದು, ನಳಿಗೆ ಒರೆಸುವುದರ ಬಗ್ಗೆ ಹಿಂದಿನ ಸಲ ಬರೆದ ಮೇಲೆ ತುಂಬಾ ಪತ್ರಗಳು ಬಂದಿವೆ. ಅವುಗಳಲ್ಲಿ ಒಂದೇ ಮಾತು ತಿರುಗಿ ತಿರುಗಿ ಬರುತ್ತದೆ: "ಸೇಫ್ಟಿ ಹಾಕಿರ್ತೀನಿ, ಹಾಗಾಗಿ ಭಯ ಇಲ್ಲ." ಓದಿದಷ್ಟೂ ನನಗೆ ಕಳವಳ ಜಾಸ್ತಿ ಆಯಿತು. ಅದಕ್ಕೇ ಈ ಸಂಚಿಕೆಯಲ್ಲಿ ಬೇರೆ ಪ್ರಶ್ನೆಗಳನ್ನು ಪಕ್ಕಕ್ಕಿಟ್ಟು, ತೋಟೆ (ಕಾಡತೂಸು) ತುಂಬಿದ ಕೋವಿ ಮತ್ತು ಅದರ ಸೇಫ್ಟಿ, ಅಂದರೆ ಕೋವಿ ಹಾರದ ಹಾಗೆ ತಡೆಯಲು ಇರುವ ಗುಂಡಿ, ಇವುಗಳ ಬಗ್ಗೆ ಬಂದವನ್ನು ಮಾತ್ರ ತೆಗೆದುಕೊಂಡಿದ್ದೇನೆ. ಬರೆದವರ ಹೆಸರು ಬೇಡ, ಊರು ಸಾಕು.

ಪ್ರಶ್ನೆ: ನಮ್ಮದು ಕಾಫಿ ತೋಟ. ಅಪ್ಪನ ಕಾಲದ 12 ಬೋರ್ ಜೋಡಿ ನಳಿಗೆ ಕೋವಿ ಇದೆ. ಆನೆ, ಹಂದಿ ಕಾಟ ಇರುವುದರಿಂದ ಎರಡೂ ನಳಿಗೆಗೆ ತೋಟೆ ಹಾಕಿ, ಸೇಫ್ಟಿ ಹಿಂದಕ್ಕೆ ಎಳೆದು ಜೀಪಿನಲ್ಲಿ ಇಟ್ಟುಕೊಂಡು ಓಡಾಡುತ್ತೇನೆ. ಅಪ್ಪನೂ ಹಾಗೇ ಮಾಡುತ್ತಿದ್ದರು. ಇಷ್ಟು ವರ್ಷದಲ್ಲಿ ಒಂದು ಸಲವೂ ತಾನಾಗಿ ಹಾರಿಲ್ಲ. ಆದರೂ ಮಗ ಬೈಯುತ್ತಾನೆ. ಯಾರು ಸರಿ? (ಸೋಮವಾರಪೇಟೆ)

ಉತ್ತರ: ಮಗ ಸರಿ. ಯಾಕೆ ಅಂತ ಕೋವಿಯ ಒಳಗೆ ಹೋಗಿಯೇ ಹೇಳಬೇಕು, ಇಲ್ಲದಿದ್ದರೆ ಇದು ಬರೀ ಉಪದೇಶ ಆಗುತ್ತದೆ.

ನೀವು ಬರೆದ ವಿವರ ನೋಡಿದರೆ ನಿಮ್ಮದು ಬಾಕ್ಸ್‌ಲಾಕ್ ಕೋವಿ. ಬರ್ಮಿಂಗ್‌ಹ್ಯಾಮ್‌ನಲ್ಲಿ ಆನ್ಸನ್ ಮತ್ತು ಡೀಲಿ ಅನ್ನುವ ಇಬ್ಬರು 1875ರಲ್ಲಿ ಪೇಟೆಂಟ್ ತೆಗೆದ ವಿನ್ಯಾಸ ಅದು. ನಮ್ಮ ಕಡೆ ಮನೆಗಳಲ್ಲಿರುವ, ಹೊರಗೆ ಕುದುರೆ (ಹ್ಯಾಮರ್) ಕಾಣದ ಜೋಡಿ ನಳಿಗೆ ಕೋವಿಗಳಲ್ಲಿ ಬಹುಪಾಲು ಇದೇ ಜಾತಿ. ಇದರಲ್ಲಿ ನೀವು ಕೋವಿ ಮುರಿದಾಗ, ಅಂದರೆ ನಳಿಗೆ ಕೆಳಗೆ ಬಗ್ಗಿಸಿದಾಗ, ಒಳಗಿನ ಎರಡು ಹ್ಯಾಮರ್‌ಗಳು ಸ್ಪ್ರಿಂಗಿನ ವಿರುದ್ಧ ಹಿಂದಕ್ಕೆ ಹೋಗಿ ನಿಲ್ಲುತ್ತವೆ. ಅವನ್ನು ಹಿಡಿದು ನಿಲ್ಲಿಸುವುದು ಸಿಯರ್ ಅನ್ನುವ ಒಂದು ಸಣ್ಣ ಉಕ್ಕಿನ ಕೊಕ್ಕೆ. ಆ ಕೊಕ್ಕೆಯ ಅಂಚು ಹ್ಯಾಮರ್‌ನಲ್ಲಿ ಕಚ್ಚಿಕೊಂಡಿರುವ ಜಾಗ ಎಷ್ಟು ಗೊತ್ತಾ? ಬಿಚ್ಚಿ ಬೆಳಕಿಗೆ ಹಿಡಿದರೆ ಕೂದಲೆಳೆಯಂಥ ಒಂದು ಗೆರೆ ಕಾಣುತ್ತದೆ, ಅಷ್ಟೇ. ಟ್ರಿಗರ್ ಎಳೆದರೆ ಸಿಯರ್ ಎದ್ದು ಆ ಗೆರೆಯಿಂದ ಜಾರುತ್ತದೆ, ಹ್ಯಾಮರ್ ಮುಂದಕ್ಕೆ ಬಡಿಯುತ್ತದೆ, ಈಡು ಹಾರುತ್ತದೆ.

ಈಗ ಹೆಬ್ಬೆರಳಿನ ಕೆಳಗಿರುವ ಆ ಸೇಫ್ಟಿ ಗುಂಡಿ ಏನು ಮಾಡುತ್ತದೆ ನೋಡಿ. ಅದು ಹ್ಯಾಮರ್ ಹಿಡಿಯುವುದಿಲ್ಲ. ಸಿಯರ್ ಕೂಡ ಹಿಡಿಯುವುದಿಲ್ಲ. ಟ್ರಿಗರ್ ಮೇಲಕ್ಕೆ ಏಳದ ಹಾಗೆ ಅಡ್ಡ ನಿಲ್ಲುತ್ತದೆ, ಅಷ್ಟು ಮಾತ್ರ. ಎತ್ತಿ ನಿಂತ ಹ್ಯಾಮರ್, ಅದರ ಹಿಂದೆ ಒತ್ತಿ ಕುಳಿತ ಸ್ಪ್ರಿಂಗು, ಆ ಕೂದಲೆಳೆ ಕಚ್ಚು, ಎಲ್ಲ ಸೇಫ್ಟಿ ಹಾಕುವ ಮುಂಚೆ ಹೇಗಿತ್ತೋ ಹಾಗೇ ಇರುತ್ತದೆ. ಬಾಗಿಲಿಗೆ ಗಟ್ಟಿ ಚಿಲಕ ಹಾಕಿದ್ದೀರಿ, ಆದರೆ ಬಾಗಿಲ ಚೌಕಟ್ಟನ್ನು ಗೆದ್ದಲು ತಿಂದಿದೆಯೋ ಇಲ್ಲವೋ ಚಿಲಕಕ್ಕೆ ಗೊತ್ತಿಲ್ಲ. ಕೋವಿ ಕೆಳಗೆ ಬಿದ್ದರೆ, ಅಥವಾ ಜೀಪು ಗುಂಡಿಗೆ ಇಳಿದು ಕೋವಿಯ ಹಿಂಭಾಗ ಕಬ್ಬಿಣಕ್ಕೆ ಬಡಿದರೆ, ಟ್ರಿಗರ್ ಒಂಚೂರೂ ಅಲ್ಲಾಡದೆ ಸಿಯರ್ ಕಚ್ಚಿನಿಂದ ಜಿಗಿಯಬಹುದು. ಆಗ ಸೇಫ್ಟಿ ಹಾಕಿಯೇ ಇರುತ್ತದೆ, ಕೋವಿಯೂ ಹಾರಿರುತ್ತದೆ. ಇದನ್ನು ತಡೆಯಲೆಂದೇ ಇಂಗ್ಲೆಂಡಿನ ದುಬಾರಿ ಸೈಡ್‌ಲಾಕ್ (ಹ್ಯಾಮರ್, ಸಿಯರ್ ಎಲ್ಲ ಪಕ್ಕದ ತಗಡಿಗೆ ಕೂರಿಸಿದ) ಕೋವಿಗಳಲ್ಲಿ ಎರಡನೆಯ ಒಂದು ಸಿಯರ್ ಇಡುತ್ತಾರೆ. ಮೊದಲನೆಯದು ಜಾರಿದರೂ ಹ್ಯಾಮರನ್ನು ಅರ್ಧದಾರಿಯಲ್ಲಿ ಹಿಡಿಯಲು. ಸಾಧಾರಣ ಬಾಕ್ಸ್‌ಲಾಕ್‌ನಲ್ಲಿ ಅದು ಇರುವುದಿಲ್ಲ.

ಇನ್ನು ನಿಮ್ಮ ಕೋವಿಯ ವಯಸ್ಸು. ಕೊಡಗಿನ ಮಳೆಗಾಲ ಕಬ್ಬಿಣಕ್ಕೆ ಏನು ಮಾಡುತ್ತದೆ ಅಂತ ನಿಮಗೆ ಹೇಳಬೇಕಾಗಿಲ್ಲ. ಸಿಯರ್‌ನ ಅಂಚಿಗೆ ತುಕ್ಕು ಹಿಡಿದು, ಅದನ್ನು ಯಾರೋ ಅರದಿಂದ ಉಜ್ಜಿ "ಟ್ರಿಗರ್ ಹಗುರ ಮಾಡಿಕೊಟ್ಟೆ" ಅಂದಿದ್ದರೆ ಕಚ್ಚು ಇನ್ನೂ ಸಣ್ಣದಾಗಿರುತ್ತದೆ. ಕೊಬ್ಬರಿ ಎಣ್ಣೆ ಹಾಕುವವರೂ ಇದ್ದಾರೆ. ಅದು 24 ಡಿಗ್ರಿಗಿಂತ ಕೆಳಗೆ ಗಟ್ಟಿಯಾಗುತ್ತದೆ, ನಮ್ಮ ಕಡೆ ವರ್ಷದ ಅರ್ಧ ದಿನ ಬೆಳಗ್ಗೆ ಅದಕ್ಕಿಂತ ತಂಪು. ಒಳಗೆ ಮೇಣದ ಹಾಗೆ ಕೂತು, ಧೂಳು ಸೇರಿ, ಸಿಯರ್ ಪೂರ್ತಿ ಕಚ್ಚಿಗೆ ಇಳಿಯದ ಹಾಗೆ ಮಾಡುತ್ತದೆ. ಹೊರಗಿನಿಂದ ಏನೂ ಕಾಣಿಸುವುದಿಲ್ಲ. ಗುಂಡಿ ಟಕ್ ಅಂತ ಹಿಂದಕ್ಕೆ ಬರುತ್ತದೆ, ಮನಸ್ಸಿಗೆ ಸಮಾಧಾನ ಆಗುತ್ತದೆ.

ಇಷ್ಟು ವರ್ಷ ಏನೂ ಆಗಿಲ್ಲ ಅನ್ನುವುದು ನಿಮ್ಮ ವಾದ. ಆದರೆ ಈ ಎಲ್ಲ ವರ್ಷಗಳಲ್ಲಿ ಆ ಸೇಫ್ಟಿಗೆ ನಿಜವಾದ ಪರೀಕ್ಷೆ ಒಂದೂ ಬಂದಿಲ್ಲದೆ ಇರಬಹುದು ಅಲ್ವಾ? ಕೋವಿ ಬಿದ್ದೇ ಇಲ್ಲ, ಟ್ರಿಗರಿಗೆ ಏನೂ ಸಿಕ್ಕಿಕೊಂಡೇ ಇಲ್ಲ. ಅಪಾಯ ಬರದೇ ಇದ್ದ ದಿನಗಳನ್ನೆಲ್ಲ ನಾವು ಸೇಫ್ಟಿಯ ಲೆಕ್ಕಕ್ಕೆ ಬರೆಯುತ್ತಿದ್ದೇವೆ.

ಜೀಪು ಹತ್ತುವ ಮುಂಚೆ ಕೋವಿ ಮುರಿದು ತೋಟೆ ಎರಡನ್ನೂ ಜೇಬಿಗೆ ಹಾಕಿ. ಇಳಿದ ಮೇಲೆ ಬೇಕಾದರೆ ತುಂಬಿ, ಅದಕ್ಕೆ ಹಿಡಿಯುವುದು ಕೆಲವೇ ಸೆಕೆಂಡು. ಅಷ್ಟು ಹೊತ್ತೂ ಇಲ್ಲದಷ್ಟು ಹತ್ತಿರಕ್ಕೆ ಆನೆ ಬಂದಿದ್ದರೆ 12 ಬೋರ್ ಕೋವಿಯಿಂದ ಆಗುವುದೇನೂ ಇಲ್ಲ, ಜೀಪು ಹಿಂದಕ್ಕೆ ತೆಗೆಯುವುದೇ ದಾರಿ. ಮತ್ತೆ ಜೀಪಿನಿಂದ ಕೋವಿ ತೆಗೆಯುವಾಗ ನಳಿಗೆ ಹಿಡಿದು ನಿಮ್ಮ ಕಡೆಗೆ ಎಳೆಯಬೇಡಿ. ಖಾಲಿ ಇದ್ದರೂ ಬೇಡ.

ಪ್ರಶ್ನೆ: ನಮ್ಮ ಮನೆಯಲ್ಲಿರುವುದು ಬೆಳೆ ರಕ್ಷಣೆಗೆ ಪರವಾನಗಿ ಪಡೆದ ಕೇಪಿನ ಕೋವಿ (ಬಾಯಿಂದ ಮದ್ದು ತುಂಬಿ, ಸಿಡಿಯುವ ಕೇಪು ಇಟ್ಟು ಹಾರಿಸುವುದು), ಒಂಟಿ ನಳಿಗೆ. ಇದಕ್ಕೆ ಸೇಫ್ಟಿಯೇ ಇಲ್ಲ. ಮಂಗ ಓಡಿಸಲು ಮದ್ದು, ಚರೆ ಗಿಡಿದು ಇಟ್ಟಿರುತ್ತೇವೆ, ಕುದುರೆ ಅರ್ಧ ಎತ್ತಿಟ್ಟರೆ ಸಾಕು ಅಂತ ಅಜ್ಜ ಹೇಳುತ್ತಿದ್ದರು. ಹೌದಾ? (ತೀರ್ಥಹಳ್ಳಿ)

ಉತ್ತರ: ಅಜ್ಜ ಹೇಳಿದ್ದರಲ್ಲಿ ಒಂದು ಭಾಗ ನಿಜ. ಕುದುರೆಯನ್ನು ಪೂರ್ತಿ ಕೆಳಗಿಳಿಸಿ ಕೇಪಿನ ಮೇಲೆ ಕೂರಿಸಿಟ್ಟರೆ ಅದಕ್ಕಿಂತ ಅಪಾಯ ಬೇರೆ ಇಲ್ಲ. ಕುದುರೆಯ ಬೆನ್ನಿಗೆ ಏನಾದರೂ ತಾಗಿದರೆ ಸೀದಾ ಕೇಪಿಗೆ ಪೆಟ್ಟು. ಅರ್ಧ ಎತ್ತಿದ ಸ್ಥಾನದಲ್ಲಿ ಒಂದು ಆಳವಾದ ಕಚ್ಚು ಇರುತ್ತದೆ, ಟ್ರಿಗರ್ ಎಳೆದರೂ ಅಲ್ಲಿಂದ ಬಿಡಬಾರದು ಅಂತಲೇ ಅದನ್ನು ಹಾಗೆ ಕೊರೆದಿರುತ್ತಾರೆ. ಹೊಸ ಕೋವಿಯಲ್ಲಿ ಅದು ಗಟ್ಟಿ. ಆದರೆ ಎರಡು ಮೂರು ತಲೆಮಾರು ಕೈ ಬದಲಾಯಿಸಿದ ಕೋವಿಯಲ್ಲಿ ಆ ಕಚ್ಚಿನ ತುಟಿ ಸವೆದು ದುಂಡಗಾಗಿರುತ್ತದೆ, ಕೆಲವದರಲ್ಲಿ ಮುರಿದೇ ಹೋಗಿರುತ್ತದೆ. ಒಳಗಿರುವುದರಿಂದ ಯಾರೂ ನೋಡುವುದಿಲ್ಲ.

ಕೇಪು ತೆಗೆದಿಡುತ್ತೇವೆ ಅಂತ ಇನ್ನೂ ಕೆಲವರು ಬರೆದಿದ್ದಾರೆ. ಅದು ಅರ್ಧ ಎತ್ತಿಡುವುದಕ್ಕಿಂತ ಎಷ್ಟೋ ಮೇಲು. ಆದರೂ ಒಳಗೆ ಮದ್ದಿದೆ ಅನ್ನುವುದು ಮರೆಯಬಾರದು. ಹಳೆಯ ಕೇಪಿನ ಸಿಡಿಮದ್ದಿನ ಪುಡಿ ಮೊಲೆಯ (ಕೇಪು ಕೂರಿಸುವ ಮೊನೆಯ) ತುದಿಯಲ್ಲಿ ಅಂಟಿ ಉಳಿದಿದ್ದರೆ, ಕೇಪು ಇಲ್ಲದೆಯೂ ಕುದುರೆಯ ಪೆಟ್ಟಿಗೆ ಕಿಡಿ ಹಾರಬಹುದು. ವಾರಗಟ್ಟಲೆ ಗಿಡಿದಿಟ್ಟ ಮದ್ದು ಮಲೆನಾಡಿನ ಥಂಡಿಗೆ ನೀರು ಕುಡಿಯುತ್ತದೆ. ಆಮೇಲೆ ಹಾರಿಸಲು ಹೋದರೆ ತಡವಾಗಿ ಹತ್ತಿಕೊಳ್ಳುತ್ತದೆ. ಹಾರಲಿಲ್ಲ ಅಂತ ಕೋವಿ ಇಳಿಸಿ ನೋಡುವ ಹೊತ್ತಿಗೆ ಹಾರುತ್ತದೆ. ಹೀಗಾದಾಗ ನಳಿಗೆಯನ್ನು ಅದೇ ದಿಕ್ಕಿಗೆ ಹಿಡಿದು ಒಂದು ನಿಮಿಷ ನಿಲ್ಲಿ, ಅವಸರ ಬೇಡ.

ಬೆಳಗ್ಗೆ ತುಂಬಿದ್ದನ್ನು ಸಂಜೆ ಮನೆಗೆ ತರುವ ಮುಂಚೆ ಮೆತ್ತನೆ ಮಣ್ಣಿನ ದಿಬ್ಬಕ್ಕೆ ಹಾರಿಸಿ ಖಾಲಿ ಮಾಡಿ. ಒಂದು ಈಡಿನ ಮದ್ದು ಹಾಳಾಯಿತು ಅಂತ ಲೆಕ್ಕ ಹಾಕಬೇಡಿ.

ಪ್ರಶ್ನೆ: ವ್ಯಾಪಾರದ ಕಾರಣಕ್ಕೆ .32 ಪಿಸ್ತೂಲಿನ ಪರವಾನಗಿ ಇದೆ. ಚೇಂಬರಿನಲ್ಲಿ (ನಳಿಗೆಯ ಹಿಂತುದಿಯಲ್ಲಿ ಗುಂಡು ಕೂರುವ ಜಾಗದಲ್ಲಿ) ಒಂದು ಗುಂಡು ಹಾಕಿ ಸೇಫ್ಟಿ ಹಾಕಿ ಸೊಂಟಕ್ಕೆ ಇಟ್ಟುಕೊಳ್ಳಬೇಕಾ, ಅಥವಾ ಚೇಂಬರ್ ಖಾಲಿ ಬಿಡಬೇಕಾ? ಅಮೆರಿಕದವರ ವಿಡಿಯೋಗಳಲ್ಲಿ ಚೇಂಬರ್ ಖಾಲಿ ಇಟ್ಟರೆ ಪಿಸ್ತೂಲೇ ಬೇಡ ಅನ್ನುತ್ತಾರೆ. ನಟ ಗೋವಿಂದ ಅವರ ಪ್ರಕರಣ ಆದಮೇಲೆ ಹೆಂಡತಿಗೆ ಭಯ. (ಬೆಂಗಳೂರು)

ಉತ್ತರ: ಆ ಪ್ರಕರಣ ಗೊತ್ತಿಲ್ಲದವರಿಗೆ ಎರಡು ಸಾಲು. 2024ರ ಅಕ್ಟೋಬರ್ 1ರ ಬೆಳಗಿನ ಜಾವ ಮುಂಬೈನ ಮನೆಯಲ್ಲಿ ಗೋವಿಂದ ಅವರ ಪರವಾನಗಿ ಇರುವ ರಿವಾಲ್ವರ್ ಹಾರಿ ಅವರದೇ ಕಾಲಿಗೆ ಗುಂಡು ಬಿತ್ತು. ಊರಿಗೆ ಹೊರಡುವ ಮುಂಚೆ ಅದನ್ನು ಎತ್ತಿಡುವಾಗ ಕೈಜಾರಿ ಬಿತ್ತು ಅಂತ ಅವರ ಕಡೆಯವರು ಹೇಳಿದರು. ಆಪರೇಷನ್ ಆಗಿ ಗುಂಡು ತೆಗೆದರು, ಪ್ರಾಣ ಉಳಿಯಿತು. ನನಗೆ ಮುಖ್ಯ ಅನ್ನಿಸುವುದು ಇಷ್ಟು: ಅದು ಹಾರಿದ್ದು ಯಾರ ಮೇಲೋ ಗುರಿ ಇಟ್ಟಾಗ ಅಲ್ಲ, ಎತ್ತಿಡುವಾಗ. ಗನ್ ಅಪಘಾತಗಳಲ್ಲಿ ಇದು ತೀರಾ ಸಾಮಾನ್ಯ. ತೆಗೆಯುವಾಗ, ಇಡುವಾಗ, ಒರೆಸುವಾಗ, ಇನ್ನೊಬ್ಬರಿಗೆ ತೋರಿಸುವಾಗ.

ರಿವಾಲ್ವರ್ ವಿಷಯದಲ್ಲಿ ಹಳಬರು ತುಂಬ ಹಿಂದೆಯೇ ಎಚ್ಚೆತ್ತಿದ್ದರು. ಅಮೆರಿಕದ ಕೋಲ್ಟ್ ಕಂಪನಿಯ 1873ರ ಸಿಂಗಲ್ ಆ್ಯಕ್ಷನ್ (ಪ್ರತಿ ಸಲ ಹ್ಯಾಮರನ್ನು ಕೈಯಿಂದ ಎತ್ತಬೇಕಾದ) ರಿವಾಲ್ವರಿಗೆ ಆರು ಗುಂಡು ಹಿಡಿಯುತ್ತದೆ, ಆದರೆ ತಿಳಿದವರು ಐದೇ ಹಾಕಿ, ಹ್ಯಾಮರ್ ಕೆಳಗಿನ ಜಾಗ ಖಾಲಿ ಬಿಡುತ್ತಿದ್ದರು. ಅದರಲ್ಲೂ ಸೇಫ್ಟಿ ಕಚ್ಚು ಅಂತ ಒಂದು ಇತ್ತು, ಅದನ್ನು ಅವರು ನಂಬಲಿಲ್ಲ. ಅದೇ ಮಾದರಿಯ ರಿವಾಲ್ವರ್ ಮಾಡುತ್ತಿದ್ದ ರೂಗರ್ ಕಂಪನಿ 1973ರಲ್ಲಿ ಟ್ರಾನ್ಸ್‌ಫರ್ ಬಾರ್ ಅನ್ನುವ ಪಟ್ಟಿ ಸೇರಿಸಿತು. ಟ್ರಿಗರ್ ಎಳೆದಾಗ ಮಾತ್ರ ಆ ಪಟ್ಟಿ ಮೇಲೆ ಬಂದು ಹ್ಯಾಮರ್‌ನ ಪೆಟ್ಟನ್ನು ಫೈರಿಂಗ್ ಪಿನ್ನಿಗೆ (ಗುಂಡಿನ ಹಿಂಬದಿಗೆ ಬಡಿಯುವ ಮೊಳೆಗೆ) ದಾಟಿಸುತ್ತದೆ, ಇಲ್ಲದಿದ್ದರೆ ಹ್ಯಾಮರ್ ಬಿದ್ದರೂ ಪಿನ್ನಿಗೆ ತಾಗುವುದಿಲ್ಲ. ಇದು ನಿಜಕ್ಕೂ ಒಳ್ಳೆಯ ಸೇಫ್ಟಿ. ಇಂಥ ತಡೆ ಇಲ್ಲದ ಹಳೇ ರಿವಾಲ್ವರ್ ನಿಮ್ಮಲ್ಲಿದ್ದರೆ ಒಂದು ಗುಂಡು ಕಡಿಮೆ ಹಾಕಿ.

ಪಿಸ್ತೂಲಿಗೆ ಬರೋಣ. ಬ್ರೌನಿಂಗ್ ಅನ್ನುವವರು ವಿನ್ಯಾಸ ಮಾಡಿದ, ಕೋಲ್ಟ್ ಕಂಪನಿಯ 1911 ಅನ್ನುವ ಪಿಸ್ತೂಲಿನಲ್ಲಿ ಹೆಬ್ಬೆರಳಿಗೆ ಒಂದು ಸೇಫ್ಟಿ, ಹಿಡಿಯ ಹಿಂದೆ ಇನ್ನೊಂದು. ಎರಡೂ ಹಾಕಿದ್ದರೂ ಮೂತಿ ಕೆಳಗಾಗಿ ಗಟ್ಟಿ ನೆಲಕ್ಕೆ ಬಿದ್ದರೆ ಫೈರಿಂಗ್ ಪಿನ್ ತನ್ನ ಓಟಕ್ಕೇ ಮುಂದೆ ಹೋಗಿ ಬಡಿಯುವ ಸಾಧ್ಯತೆ ಇತ್ತು. ಪಿನ್ನನ್ನೇ ತಡೆಯುವ ಭಾಗವನ್ನು ಕೋಲ್ಟ್ ಸೇರಿಸಿದ್ದು 1983ರಲ್ಲಿ, ಸೀರೀಸ್ 80 ಅಂತ. 1982ರಲ್ಲಿ ಆಸ್ಟ್ರಿಯಾದ ಸೈನ್ಯ ತೆಗೆದುಕೊಂಡ ಗ್ಲಾಕ್ ಪಿಸ್ತೂಲಿನಲ್ಲಿ ಕೈಯಿಂದ ಹಾಕುವ ಸೇಫ್ಟಿಯೇ ಇಲ್ಲ. ಒಳಗೆ ಮೂರು ಇವೆ, ಬಿದ್ದರೆ ಅವು ಕಾಯುತ್ತವೆ. ಆದರೆ ಅಂಗಿಯ ಚುಂಗು ಟ್ರಿಗರಿಗೆ ಸಿಕ್ಕಿ, ಪಿಸ್ತೂಲನ್ನು ಹೋಲ್‌ಸ್ಟರ್ (ಸೊಂಟದ ಚೀಲ) ಒಳಗೆ ತಳ್ಳಿದರೆ ಕಾಯುವುದಿಲ್ಲ. ಯಾಕೆಂದರೆ ಎಳೆದದ್ದು ಬೆರಳೋ ಬಟ್ಟೆಯೋ ಅನ್ನುವುದು ಪಿಸ್ತೂಲಿಗೆ ಒಂದೇ.

ಹೊಸತು ಅಂದಮಾತ್ರಕ್ಕೆ ಕಣ್ಣುಮುಚ್ಚಿ ನಂಬುವ ಹಾಗೂ ಇಲ್ಲ. 2017ರ ಜನವರಿಯಲ್ಲಿ ಅಮೆರಿಕದ ಸೈನ್ಯ ಸಿಗ್ ಸಾವರ್ ಕಂಪನಿಯ ಪಿ320 ಮಾದರಿಯನ್ನು ಆರಿಸಿಕೊಂಡಿತು. ಅದೇ ವರ್ಷ ಆಗಸ್ಟಿನಲ್ಲಿ, ಮಾರುಕಟ್ಟೆಯ ಪಿ320 ಒಂದು ಕೋನದಲ್ಲಿ ಹಿಂಭಾಗ ಕೆಳಗಾಗಿ ಬಿದ್ದರೆ ಹಾರುತ್ತದೆ ಅಂತ ಪರೀಕ್ಷೆ ಮಾಡಿದವರು ತೋರಿಸಿದರು. ಕಂಪನಿ ಪುಕ್ಕಟೆಯಾಗಿ ಟ್ರಿಗರ್ ಬದಲಾಯಿಸಿಕೊಡಲು ಮುಂದಾಯಿತು. ಆಮೇಲೂ ಟ್ರಿಗರ್ ಮುಟ್ಟದೆ ಹಾರಿತು ಅಂತ ಎಷ್ಟೋ ಜನ ಕೋರ್ಟಿಗೆ ಹೋಗಿದ್ದಾರೆ, ಕಂಪನಿ ದೋಷ ಒಪ್ಪಿಲ್ಲ. ಕ್ಯಾಲಿಫೋರ್ನಿಯಾ ರಾಜ್ಯದಲ್ಲಿ ಮಾರಾಟಕ್ಕೆ ಮುಂಚೆ ಪಿಸ್ತೂಲನ್ನು ಒಂದು ಮೀಟರಿಗಿಂತ ಸ್ವಲ್ಪ ಮೇಲಿನಿಂದ ಆರು ಬಗೆಯಲ್ಲಿ ಕಾಂಕ್ರೀಟಿನ ಮೇಲೆ ಬೀಳಿಸಿ ನೋಡುತ್ತಾರೆ. ಆದರೆ ಬೀಳುವ ವಸ್ತು ಆರೇ ಬಗೆಯಲ್ಲಿ ಬೀಳಬೇಕು ಅಂತ ಏನಿಲ್ಲವಲ್ಲ.

ನಿಮ್ಮ ಪ್ರಶ್ನೆಗೆ ನೇರ ಉತ್ತರ: ಚೇಂಬರ್ ಖಾಲಿ ಬಿಡಿ. ಆ ವಿಡಿಯೋದವರು ದಿನಾ ಅಭ್ಯಾಸ ಮಾಡುವವರು, ಟ್ರಿಗರ್ ಪೂರ್ತಿ ಮುಚ್ಚುವ ಗಟ್ಟಿ ಹೋಲ್‌ಸ್ಟರ್ ಇಟ್ಟುಕೊಂಡವರು. ನಮ್ಮಲ್ಲಿ ಪರವಾನಗಿಗೆ ಸಿಗುವ ಗುಂಡು ಮಿತಿಯದು, ಅಭ್ಯಾಸಕ್ಕೆ ಜಾಗ ಅಪರೂಪ. ಎಷ್ಟೋ ಜನ ವರ್ಷಕ್ಕೆ ಒಂದು ಮ್ಯಾಗಜೀನ್ ಕೂಡ ಹಾರಿಸಿರುವುದಿಲ್ಲ. ಅಂಥವರು ಗುಂಡು ಏರಿಸಿದ ಪಿಸ್ತೂಲನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಕಾರಿನಲ್ಲಿ, ಲಿಫ್ಟಿನಲ್ಲಿ, ಮದುವೆ ಮನೆಯಲ್ಲಿ ಓಡಾಡುವುದು ನನಗೆ ಒಪ್ಪಿಗೆ ಇಲ್ಲ. ಮದುವೆ ಮನೆ ಅಂದೆ, ಹಾಗಾಗಿ ಇದನ್ನೂ ಹೇಳಿಬಿಡುತ್ತೇನೆ. ಸಂಭ್ರಮಕ್ಕೆ ಅಂತ ಬೇಜವಾಬ್ದಾರಿಯಿಂದ ಗುಂಡು ಹಾರಿಸಿದರೆ ಶಸ್ತ್ರಾಸ್ತ್ರ ಕಾಯ್ದೆಯ 2019ರ ತಿದ್ದುಪಡಿಯ ಪ್ರಕಾರ ಎರಡು ವರ್ಷದವರೆಗೆ ಜೈಲು, ಇಲ್ಲವೇ ಒಂದು ಲಕ್ಷದವರೆಗೆ ದಂಡ, ಇಲ್ಲವೇ ಎರಡೂ.

ಪ್ರಶ್ನೆ: ನಾನು ಹಾಸನದ ಕಡೆಯವನು, ಈಗ ಟೆಕ್ಸಾಸ್‌ನಲ್ಲಿದ್ದೇನೆ. ಆಫೀಸಿನ ಸ್ನೇಹಿತರ ಜೊತೆ ಜಿಂಕೆ ಬೇಟೆಗೆ ಹೋಗುವ ಅಭ್ಯಾಸ ಆಗಿದೆ, ಇಲ್ಲಿ ಅದಕ್ಕೆ ಲೈಸೆನ್ಸ್ ಕೊಡುತ್ತಾರೆ. ಒಬ್ಬರು ಹಳೆಯ ರೆಮಿಂಗ್ಟನ್ 700 ರೈಫಲ್ ಕಡಿಮೆ ಬೆಲೆಗೆ ಕೊಡುತ್ತೇನೆ ಅಂದಿದ್ದಾರೆ. ಅದರ ಸೇಫ್ಟಿ ಸರಿ ಇಲ್ಲ ಅಂತ ಇನ್ನೊಬ್ಬರು ಹೇಳುತ್ತಾರೆ. ಕೊಟ್ಟವರು "ನಲವತ್ತು ವರ್ಷ ಬಳಸಿದ್ದೇನೆ" ಅನ್ನುತ್ತಾರೆ. ತೆಗೆದುಕೊಳ್ಳಲಾ? (ಡಲ್ಲಾಸ್)

ಉತ್ತರ: ಸೇಫ್ಟಿಯನ್ನು ಎಷ್ಟು ನಂಬಬೇಕು ಅನ್ನುವುದಕ್ಕೆ ಈ ರೈಫಲ್‌ಗಿಂತ ದೊಡ್ಡ ಪಾಠ ಇಲ್ಲ. ಸ್ವಲ್ಪ ಉದ್ದವಾಗಿ ಬರೆಯುತ್ತೇನೆ.

ಮಾಡೆಲ್ 700 ಬಂದದ್ದು 1962ರಲ್ಲಿ. ಒಳ್ಳೆ ಗುರಿ, ಹಗುರವಾದ ಟ್ರಿಗರ್, ಲಕ್ಷಗಟ್ಟಲೆ ಮಾರಾಟ ಆಯಿತು. ಇದರ ಟ್ರಿಗರ್ ಮಾಡಿದ ಇಂಜಿನಿಯರ್ ಮೈಕ್ ವಾಕರ್, ಅದಕ್ಕೇ ವಾಕರ್ ಟ್ರಿಗರ್ ಅನ್ನುತ್ತಾರೆ. ಇದರಲ್ಲಿ ಸಿಯರ್‌ಗೆ ಆಸರೆ ಕೊಡುವುದು ಟ್ರಿಗರ್ ಅಲ್ಲ, ಟ್ರಿಗರಿನ ಮುಂದೆ ಸ್ಪ್ರಿಂಗ್ ಒತ್ತಡದಲ್ಲಿ ಸುಮ್ನೆ ಆತುಕೊಂಡಿರುವ ಕನೆಕ್ಟರ್ ಅನ್ನುವ ಒಂದು ತೆಳು ತುಂಡು. ಪ್ರತಿ ಸಲ ಹಾರಿಸಿದಾಗ ಅದು ಟ್ರಿಗರಿನಿಂದ ಬೇರೆಯಾಗಿ ಮುಂದಕ್ಕೆ ಹೋಗಿ ಮತ್ತೆ ಬಂದು ಕೂರಬೇಕು. ಆ ಸಂದಿಗೆ ಸ್ವಲ್ಪ ಕಸವೋ ಗಟ್ಟಿಯಾದ ಎಣ್ಣೆಯೋ ಸೇರಿದರೆ ಸರಿಯಾದ ಜಾಗಕ್ಕೆ ಬರುವುದಿಲ್ಲ. ಆಗ ಏನಾಗುತ್ತದೆ? ಸೇಫ್ಟಿ ಹಾಕಿದಾಗ ಅದು ಸಿಯರ್ ಅನ್ನು ಮೇಲೆತ್ತಿ ಹಿಡಿದಿರುತ್ತದೆ, ಎಲ್ಲ ಸರಿ ಇದ್ದಂತೆ ಕಾಣುತ್ತದೆ. ಸೇಫ್ಟಿ ತೆಗೆದ ಕೂಡಲೇ ಸಿಯರ್ ಕೆಳಗಿಳಿಯುತ್ತದೆ, ಅಡಿಯಲ್ಲಿ ಆಸರೆ ಇಲ್ಲ, ರೈಫಲ್ ಹಾರುತ್ತದೆ. ಟ್ರಿಗರ್ ಯಾರೂ ಮುಟ್ಟಿರುವುದಿಲ್ಲ.

ಇದಕ್ಕೆ ಇನ್ನೊಂದು ಕೆಟ್ಟ ಸಂಗತಿ ಸೇರಿತ್ತು. 1982ಕ್ಕೆ ಮುಂಚಿನ ರೈಫಲ್‌ಗಳಲ್ಲಿ ಸೇಫ್ಟಿ ಹಾಕಿದರೆ ಬೋಲ್ಟ್ (ಗುಂಡು ಒಳಗೆ ತಳ್ಳಲು, ಹೊರಗೆ ತೆಗೆಯಲು ಎಳೆಯುವ ಭಾಗ) ಕೂಡ ಬೀಗ ಹಾಕಿಕೊಳ್ಳುತ್ತಿತ್ತು. ಅಂದರೆ ಗುಂಡು ಹೊರಗೆ ತೆಗೆಯಬೇಕಾದರೂ ಮೊದಲು ಸೇಫ್ಟಿ ತೆಗೆಯಲೇಬೇಕು. ಕೋವಿಯನ್ನು ಖಾಲಿ ಮಾಡುವ ಆ ಹೊತ್ತಿನಲ್ಲೇ ಅದು ಅತ್ಯಂತ ಅಪಾಯದ ಸ್ಥಿತಿಯಲ್ಲಿ ಇರುತ್ತಿತ್ತು. 2000ನೇ ಇಸವಿಯಲ್ಲಿ ಮೊಂಟಾನಾ ರಾಜ್ಯದಲ್ಲಿ ಬೇಟೆ ಮುಗಿಸಿ ಬಂದ ಒಂದು ಕುಟುಂಬದ ತಾಯಿ ರೈಫಲ್ ಖಾಲಿ ಮಾಡಲು ಸೇಫ್ಟಿ ತೆಗೆದರು. ರೈಫಲ್ ಹಾರಿತು. ಗುಂಡು ಎದುರಿಗಿದ್ದ ಕುದುರೆ ಸಾಗಿಸುವ ಗಾಡಿಯನ್ನು ತೂರಿ ಆಚೆಗಿದ್ದ ಅವರ 9 ವರ್ಷದ ಮಗನಿಗೆ ಬಿತ್ತು, ಮಗು ಉಳಿಯಲಿಲ್ಲ. ಆ ಮಗುವಿನ ತಂದೆ ವರ್ಷಗಟ್ಟಲೆ ಈ ಟ್ರಿಗರಿನ ಬೆನ್ನು ಹತ್ತಿ ಬಹಿರಂಗವಾಗಿ ಹೋರಾಡಿದರು.

ಕಂಪನಿ ದೋಷ ಅಂತ ಒಪ್ಪಲೇ ಇಲ್ಲ. 2006ರಲ್ಲಿ ಎಕ್ಸ್‌-ಮಾರ್ಕ್ ಪ್ರೊ ಅನ್ನುವ ಬೇರೆ ಟ್ರಿಗರ್ ತಂದಿತು. ಅದನ್ನೂ 2014ರಲ್ಲಿ ವಾಪಸ್ ಕರೆಸಬೇಕಾಯಿತು. ಜೋಡಿಸುವಾಗ ಅಂಟು ಜಾಸ್ತಿಯಾಗಿ ಅದರಿಂದಲೂ ತಾನಾಗಿ ಹಾರುವ ಅಪಾಯ ಇತ್ತು. ಆಮೇಲೆ ಗ್ರಾಹಕರೆಲ್ಲರ ಪರವಾಗಿ ಆದ ಕೋರ್ಟ್ ಒಪ್ಪಂದದಲ್ಲಿ ಸುಮಾರು 75 ಲಕ್ಷ ಬಂದೂಕುಗಳು ಬಂದವು. ಪುಕ್ಕಟೆ ಟ್ರಿಗರ್ ಬದಲಾವಣೆಗೆ ಮುಂದೆ ಬಂದವರು ಅದರಲ್ಲಿ ಒಂದು ಚೂರು ಮಾತ್ರ. ಯಾಕೆ ಬರಲಿಲ್ಲ? ನಿಮಗೆ ರೈಫಲ್ ಕೊಡಲು ಬಂದವರು ಹೇಳಿದ್ದೇ ಕಾರಣ, "ಇಷ್ಟು ವರ್ಷ ಬಳಸಿದ್ದೇನೆ." ಸೋಮವಾರಪೇಟೆಯ ಓದುಗರ ಮಾತು, ಡಲ್ಲಾಸಿನ ಮಾತು ಎರಡೂ ಒಂದೇ ಥರ ಇದೆ, ಗಮನಿಸಿದಿರಾ? ಇಬ್ಬರೂ ಸುಳ್ಳು ಹೇಳುತ್ತಿಲ್ಲ. ಅವರವರ ಕೋವಿ ಅವರಿಗೆ ಮೋಸ ಮಾಡಿಲ್ಲ, ನಿಜ. ಸಂದಿಯಲ್ಲಿ ಕಸ ಸೇರುವ ದಿನ ಯಾವುದು ಅಂತ ಕೋವಿ ಮುಂಚೆ ಹೇಳುವುದಿಲ್ಲ.

ತೆಗೆದುಕೊಳ್ಳುವುದಾದರೆ, ಹಳೆ ಟ್ರಿಗರ್ ಪೂರ್ತಿ ತೆಗೆಸಿ ಬೇರೆ ಕಂಪನಿಯ ಹೊಸ ಟ್ರಿಗರ್ ಹಾಕಿಸಿಯೇ ಗುಂಡು ತುಂಬಿ. ಇಲ್ಲದಿದ್ದರೆ ಮೌಸರ್ 98 ಅಥವಾ ವಿಂಚೆಸ್ಟರ್ 70 ಮಾದರಿಯ ಮೂರು ಸ್ಥಾನದ ಸೇಫ್ಟಿ ಇರುವ ರೈಫಲ್ ಹುಡುಕಿ. ಅವುಗಳಲ್ಲಿ ಸೇಫ್ಟಿ ಹಿಡಿಯುವುದು ಟ್ರಿಗರನ್ನಲ್ಲ, ಫೈರಿಂಗ್ ಪಿನ್ನನ್ನೇ ಹಿಂದಕ್ಕೆ ಎಳೆದು ಹಿಡಿಯುತ್ತದೆ. ನಡುವಿನ ಸ್ಥಾನದಲ್ಲಿಟ್ಟರೆ ಸೇಫ್ಟಿ ಹಾಕಿಕೊಂಡೇ ಬೋಲ್ಟ್ ಎಳೆದು ಗುಂಡು ತೆಗೆಯಬಹುದು. ನೂರಕ್ಕೂ ಜಾಸ್ತಿ ವರ್ಷದ ಹಿಂದಿನ ಈ ಜರ್ಮನ್ ಯೋಚನೆಯನ್ನು ನಾನು ತುಂಬಾ ಗೌರವಿಸುತ್ತೇನೆ. ಆದರೂ ಗುಂಡು ತುಂಬುವುದು ಬೇಟೆಯ ಜಾಗಕ್ಕೆ ಹೋದ ಮೇಲೆ, ಗಾಡಿಯಲ್ಲಿ ಅಲ್ಲ, ಬೇಲಿ ದಾಟುವಾಗ ಅಲ್ಲ. ಅಮೆರಿಕದ ಬಂದೂಕು ಉದ್ಯಮದವರದೇ ಸಂಸ್ಥೆ ನ್ಯಾಷನಲ್ ಶೂಟಿಂಗ್ ಸ್ಪೋರ್ಟ್ಸ್ ಫೌಂಡೇಶನ್ ಹತ್ತು ಸುರಕ್ಷತಾ ನಿಯಮ ಹಂಚುತ್ತದೆ. ಅದರಲ್ಲಿ ಮೂರನೆಯದು, ಬಂದೂಕಿನ ಸೇಫ್ಟಿಯನ್ನು ನೆಚ್ಚಿಕೊಳ್ಳಬೇಡಿ ಅಂತ. ಮಾಡುವವರು, ಮಾರುವವರೇ ಹೀಗೆ ಹೇಳುವಾಗ ಕೊಳ್ಳುವ ನಾವು ಅವರಿಗಿಂತ ಜಾಸ್ತಿ ನಂಬುವುದು ಯಾಕೆ?

ಪ್ರಶ್ನೆ: ನಮ್ಮ ಯಜಮಾನರು ಮಲಗುವ ಕೋಣೆಯ ಬೀರುವಿನ ಮೇಲೆ ತೋಟೆ ತುಂಬಿದ ಕೋವಿ ಇಡುತ್ತಾರೆ. ಸೇಫ್ಟಿ ಹಾಕಿದ್ದೇನೆ, ಮಕ್ಕಳಿಗೆ ಎಟುಕುವುದಿಲ್ಲ ಅನ್ನುತ್ತಾರೆ. ಆರು ಮತ್ತು ಹತ್ತು ವರ್ಷದ ಮಕ್ಕಳಿದ್ದಾರೆ. ಅವರಿಗೆ ಹೇಗೆ ಹೇಳಲಿ? (ಮಡಿಕೇರಿ)

ಉತ್ತರ: ಈ ಪತ್ರವನ್ನು ಅವರಿಗೇ ಓದಲು ಕೊಡಿ.

ಸ್ವಾಮಿ, ಸೇಫ್ಟಿ ಗುಂಡಿಯನ್ನು ಮಾಡಿರುವುದೇ ಹೆಬ್ಬೆರಳಿನ ಒಂದು ತಳ್ಳಿಗೆ ಸರಿಯುವ ಹಾಗೆ, ನೋಡದೆ, ಕತ್ತಲೆಯಲ್ಲೂ. ಹತ್ತು ವರ್ಷದ ಮಗುವಿಗೆ ಅದು ಆಟ. ಮಕ್ಕಳು ಕೋವಿ ಕೈಗೆ ಸಿಕ್ಕಿದರೆ ಮೊದಲು ಮಾಡುವುದು ಅಲ್ಲಾಡುವ ಭಾಗಗಳನ್ನೆಲ್ಲ ಅಲ್ಲಾಡಿಸುವುದು. ಎಟುಕುವುದಿಲ್ಲ ಅನ್ನುವ ಮಾತಂತೂ ಬೇಡ, ಕುರ್ಚಿ ಇಲ್ಲದ ಮನೆ ಇಲ್ಲ. 2025ರ ಫೆಬ್ರವರಿಯಲ್ಲಿ ಮಂಡ್ಯ ಜಿಲ್ಲೆ ನಾಗಮಂಗಲ ತಾಲ್ಲೂಕಿನ ಒಂದು ಕೋಳಿ ಫಾರ್ಮಿನಲ್ಲಿ ಮಾಲೀಕರ ಕೋವಿ ಒಬ್ಬ ಹುಡುಗನ ಕೈಗೆ ಸಿಕ್ಕಿತು. ಅದು ಹಾರಿ 4 ವರ್ಷದ ಮಗು ಸತ್ತಿತು. ಆ ಸುದ್ದಿ ಓದಿದ ದಿನದಿಂದ, ಗೋಡೆಗೆ ತೂಗುಹಾಕಿದ ಕೋವಿ ಕಂಡರೆ ತೋಟೆ ಇದೆಯಾ ಅಂತ ನಾನು ಕೇಳದೆ ಬಿಡುವುದಿಲ್ಲ, ಆ ಮನೆಯವರಿಗೆ ಬೇಸರ ಆದರೂ ಚಿಂತೆ ಇಲ್ಲ.

ಜೋಡಿ ನಳಿಗೆ ಕೋವಿಯ ಒಂದು ಅನುಕೂಲ ಅಂದರೆ ಅದು ಉಪಕರಣ ಇಲ್ಲದೆ ಮೂರು ತುಂಡಾಗುತ್ತದೆ. ಮುಂಭಾಗದ ಮರದ ತುಂಡು ಬಿಚ್ಚಿ, ನಳಿಗೆ ಬೇರೆ ಮಾಡಿ, ಹಿಂಭಾಗ ಬೇರೆ. ನಳಿಗೆಯನ್ನು ಒಂದು ಕಬ್ಬಿಣದ ಬೀರುವಿನಲ್ಲಿ, ಉಳಿದದ್ದನ್ನು ಇನ್ನೊಂದರಲ್ಲಿ ಬೀಗ ಹಾಕಿಡಿ. ತೋಟೆ ಬೇರೆ ಡಬ್ಬಿ, ಬೇರೆ ಬೀಗ. ರಾತ್ರಿ ಬೇಕಾದರೆ ಅನ್ನುತ್ತೀರಿ. ಜೋಡಿಸಲು ಒಂದು ನಿಮಿಷ ಸಾಕು, ಬೇಕಾಗುವ ರಾತ್ರಿ ಬರುವುದು ಎಷ್ಟು ವರ್ಷಕ್ಕೊಮ್ಮೆ? ಮಕ್ಕಳು ಮನೆಯಲ್ಲಿರುವುದು ದಿನಾ.

ಇನ್ನೊಂದು. ಹೊಸದಾಗಿ ಪರವಾನಗಿ ಕೇಳುವವರಿಗೆ ಸುರಕ್ಷತಾ ತರಬೇತಿ ಬೇಕು ಅಂತ 2016ರ ಶಸ್ತ್ರಾಸ್ತ್ರ ನಿಯಮಗಳು ಹೇಳುತ್ತವೆ. ಕೊಡಗಿನಲ್ಲಿ ಕೊಡವರಿಗೂ ಜಮ್ಮಾ (ತಲೆತಲಾಂತರದ ಹಕ್ಕಿನ ಭೂಮಿ) ಹಿಡುವಳಿದಾರರಿಗೂ ಕೋವಿ ಪರವಾನಗಿಯಿಂದ ಬ್ರಿಟಿಷರ ಕಾಲದಿಂದ ಬಂದ ವಿನಾಯಿತಿ ಇದೆ, ಕೇಂದ್ರ ಸರ್ಕಾರ 2019ರಲ್ಲಿ ಅದನ್ನು 2029ರವರೆಗೆ ಮುಂದುವರಿಸಿದೆ. ಒಳ್ಳೆಯದೇ, ಕೋವಿ ಆ ಮನೆಗಳ ದೇವರ ಕೋಣೆಗೆ ಸೇರಿದ ವಸ್ತು. ಆದರೆ ಪರವಾನಗಿಗೆ ವಿನಾಯಿತಿ ಸಿಕ್ಕವರು ತರಬೇತಿಯಿಂದಲೂ ದೂರ ಉಳಿಯಬಾರದು. ಹತ್ತು ವರ್ಷದ ಮಗುವನ್ನು ಕೂರಿಸಿಕೊಂಡು, ಖಾಲಿ ಕೋವಿ ಮುರಿದು ತೋರಿಸಿ, ನಾನಿಲ್ಲದಾಗ ಇದನ್ನು ಮುಟ್ಟಬಾರದು ಅಂತ ಯಾಕೆ ಅನ್ನುವುದನ್ನೂ ಹೇಳಿ.

ಪ್ರಶ್ನೆ: ಕೈಲ್‌ಪೋದ್ (ಕೊಡವರ ಆಯುಧ ಹಬ್ಬ) ದಿನ ತೆಂಗಿನಕಾಯಿಗೆ ಗುಂಡು ಹೊಡೆಯುವ ಸ್ಪರ್ಧೆಯಲ್ಲಿ ಸಾಲಿನಲ್ಲಿ ಕಾಯುವವರು ಸೇಫ್ಟಿ ಹಾಕಿಕೊಂಡು ನಿಂತರೆ ಸಾಕಲ್ವಾ? (ವಿರಾಜಪೇಟೆ)

ಉತ್ತರ: ಸಾಲದು. ತೋಟೆ ತುಂಬುವುದು ಗುರಿ ಇಡುವ ಜಾಗಕ್ಕೆ ಹೋದ ಮೇಲೆ. ಅಲ್ಲಿಯವರೆಗೆ ಕೋವಿ ಮುರಿದು ತೋಳಿನ ಮೇಲೆ ಹಾಕಿಕೊಂಡು ನಿಲ್ಲಿ. ಹತ್ತು ಅಡಿ ದೂರದಲ್ಲಿರುವವರಿಗೂ ಖಾಲಿ ಅಂತ ಕಾಣುತ್ತದೆ. ಸೇಫ್ಟಿ ಹಾಕಿದೆಯಾ ಇಲ್ಲವಾ ಅಂತ ಪಕ್ಕದಲ್ಲಿ ನಿಂತವರಿಗೆ ಯಾವತ್ತೂ ಕಾಣುವುದಿಲ್ಲ.

ಪ್ರಶ್ನೆ: ಚುನಾವಣೆ ಬಂತೆಂದರೆ ಕೋವಿಯನ್ನು ಠಾಣೆಗೆ ಕೊಡಬೇಕು. ತಿಂಗಳುಗಟ್ಟಲೆ ಮೂಲೆಯಲ್ಲಿ ನಿಂತು ವಾಪಸ್ ಬರುವ ಹೊತ್ತಿಗೆ ತುಕ್ಕು. ಸೇಫ್ಟಿ ಸರಿ ಇದೆಯಾ ಅಂತ ಮನೆಯಲ್ಲೇ ನೋಡುವುದು ಹೇಗೆ? (ಮೂಡಿಗೆರೆ)

ಉತ್ತರ: ಬಹಳ ಒಳ್ಳೆಯ ಪ್ರಶ್ನೆ, ಇದನ್ನು ಎಲ್ಲರೂ ಮಾಡಬೇಕು. ಮೊದಲು ಕೋವಿ ಖಾಲಿ ಅಂತ ಕಣ್ಣಿಂದ ನೋಡಿ, ಬೆರಳು ಹಾಕಿ ಮುಟ್ಟಿ. ತೋಟೆ ಡಬ್ಬಿ ಆ ಕೋಣೆಯಲ್ಲೇ ಇರಬಾರದು. ಸ್ನ್ಯಾಪ್ ಕ್ಯಾಪ್ ಅನ್ನುವ ಡಮ್ಮಿ ತೋಟೆ ಸಿಗುತ್ತದೆ, ಅದನ್ನು ಹಾಕಿ. ಅದು ಇದ್ದರೂ ನಳಿಗೆಯನ್ನು ದಪ್ಪ ಗೋಡೆಯ ಕಡೆಗೋ ನೆಲದ ಕಡೆಗೋ ಹಿಡಿಯಿರಿ.

ಸೇಫ್ಟಿ ಹಾಕಿ ಟ್ರಿಗರ್ ಗಟ್ಟಿಯಾಗಿ ಎಳೆಯಿರಿ. ಹ್ಯಾಮರ್ ಬೀಳಬಾರದು. ಈಗ ಬೆರಳು ಹೊರಗೆ ತೆಗೆದು, ಟ್ರಿಗರ್ ಮುಟ್ಟದೆ, ಸೇಫ್ಟಿ ಮಾತ್ರ ಮುಂದಕ್ಕೆ ತಳ್ಳಿ. ಆಗಲೂ ಬೀಳಬಾರದು. ಎಷ್ಟೋ ಜನ ಮೊದಲ ಹೆಜ್ಜೆ ಮಾತ್ರ ಮಾಡಿ ಸರಿ ಇದೆ ಅನ್ನುತ್ತಾರೆ, ಆದರೆ ಮೇಲೆ ಹೇಳಿದ ರೆಮಿಂಗ್ಟನ್ ದೋಷ ಇರುವುದು ಎರಡನೆಯದರಲ್ಲಿ. ಆಮೇಲೆ ಸೇಫ್ಟಿ ತೆಗೆದ ಸ್ಥಿತಿಯಲ್ಲಿ ಕೋವಿಯ ಹಿಂಭಾಗವನ್ನು ಅಂಗೈಯಿಂದ ನಾಲ್ಕೈದು ಸಲ ಜೋರಾಗಿ ತಟ್ಟಿ. ಟಕ್ ಅಂತ ಶಬ್ದ ಬಂದರೆ ಸಿಯರ್ ಕಚ್ಚು ಸವೆದಿದೆ. ಜೋಡಿ ನಳಿಗೆ ಆದರೆ ಎರಡೂ ಕಡೆ ಬೇರೆ ಬೇರೆ ನೋಡಬೇಕು, ಬಲಗಡೆಯದು ಜಾಸ್ತಿ ಬಳಕೆ ಆಗುವುದರಿಂದ ಮೊದಲು ಸವೆಯುವುದು ಅದೇ.

ಎಲ್ಲ ಸರಿ ಬಂದರೂ ಅದು ಆ ದಿನದ ಮಟ್ಟಿಗೆ ಮಾತ್ರ. ಯಾವುದಾದರೂ ಒಂದರಲ್ಲಿ ಅನುಮಾನ ಬಂದರೆ ನೀವೇ ಬಿಚ್ಚಿ ಅರ ಹಾಕಬೇಡಿ, ಪರವಾನಗಿ ಇರುವ ರಿಪೇರಿಯವರ ಹತ್ತಿರ ಕೊಡಿ. ರಿಪೇರಿ ಆಗಿ ಬಂದಮೇಲೆ ಇದೇ ಪರೀಕ್ಷೆಯನ್ನು ಅವರ ಎದುರಿಗೇ ಇನ್ನೊಮ್ಮೆ ಮಾಡಿ ನೋಡಿ ದುಡ್ಡು ಕೊಡಿ. ಠಾಣೆಗೆ ಕೊಡುವಾಗ ಹಳೆಯ ಬಟ್ಟೆಗೆ ಗನ್ ಆಯಿಲ್ ಹಚ್ಚಿ ನಳಿಗೆ ಸುತ್ತಿ ಕೊಡಿ. ರಸೀದಿಯಲ್ಲಿ ಕೋವಿಯ ನಂಬರಿನ ಜೊತೆ "ಖಾಲಿ, ಸುಸ್ಥಿತಿಯಲ್ಲಿದೆ" ಅಂತ ಬರೆಸಿಕೊಳ್ಳಿ.